ವಿಮಾನ ನಿಲ್ದಾಣದಲ್ಲಿ ಬಿಚ್ಚಿದ ಗಂಟು

ಅವ್ವನ ಕೊರಳಲ್ಲಿ ಬೆಳ್ಳಿಯದೊಂದು ಕರಡಿಗೆ ತೂಗುತ್ತಿರುತ್ತದೆ. ಇಷ್ಟಲಿಂಗವನ್ನಿಡುವ ಆ ಪುಟ್ಟ ಸಂಪುಟ ಸ್ನಾನಕ್ಕಾಗಲಿ ನಿದ್ದೆಗಾಗಲಿ ಅವಳ ಮೈಬಿಟ್ಟು ಇಳಿದದ್ದನ್ನು ನಾನು ಕಂಡವನಲ್ಲ. ಲಿಂಗ ಅಗಲಿದರೆ ಜೀವವೂ ಅಗಲಿದಂತೆ ಎಂದು ನಂಬಿದ ಮನೆತನ ನಮ್ಮದು. ಅಂಥ ಕರಡಿಗೆಯನ್ನು ಬೈಲಹೊಂಗಲದ ಮನೆಯ ದೇವರ ಜಗುಲಿಯ ಮೇಲೆ ಬಿಡಿಸಿ, ಅವಳನ್ನು ವಿಮಾನಕ್ಕೆ ಹೊರಡಿಸಿದ ಮಹಾನುಭಾವ ನಾನೇ, ಮಿತ್ರರೇ. ಹೆದರಿಕೆ ಜಾಣತನದ ವೇಷ ಹಾಕಿಕೊಂಡು ಬಂದರೆ ಗುರುತು ಹಿಡಿಯುವುದು ಕಷ್ಟ.

ಹೈದರಾಬಾದಿನ ಆಸ್ಪತ್ರೆಯಲ್ಲಿ ನನ್ನ ತಂಗಿ ಗಿರಿಜೆಗೆ ಮರುದಿನ ಬೆಳಗ್ಗೆ ಹೃದಯದ ಶಸ್ತ್ರಚಿಕಿತ್ಸೆ ಇತ್ತು. "ಅವ್ವನ ಮಾರಿ ನೋಡದ ನಾ ಒಳಗ ಹೋಗಂಗಿಲ್ಲ" ಎಂದು ಫೋನಿನಲ್ಲಿ ಅತ್ತಿದ್ದಳು. ಬೆಳಗಾವಿಯಿಂದ ನಮಗೆ ಸೀಟು ಸಿಕ್ಕಿದ್ದು ಒಂದೇ ಒಂದು ವಿಮಾನದಲ್ಲಿ. ತಪಾಸಣೆಯ ಯಂತ್ರ ಬೆಳ್ಳಿಯನ್ನು ಕಂಡು ಕೂಗುತ್ತದೆ, ತೆಗೆದಿಡಿ ಅನ್ನುತ್ತಾರೆ, ಅವ್ವ ಒಲ್ಲೆನೆನ್ನುತ್ತಾಳೆ, ವಿಮಾನ ಹಾರಿಹೋಗುತ್ತದೆ ಎಂದು ಯಾರೂ ಹೇಳದ ಕಥೆಯನ್ನು ನಾನೇ ಕಟ್ಟಿ, ನಾನೇ ನಡುಗಿ, ಲಿಂಗವನ್ನು ಬಿಳಿ ಅರಿವೆಯಲ್ಲಿ ಸುತ್ತಿ ಕೊರಳಿಗೆ ಕಟ್ಟಿಕೊಳ್ಳಲು ಅವಳನ್ನು ಒಪ್ಪಿಸಿದೆ. ಗಂಟು ಹಾಕಿದವನೂ ನಾನೇ.

ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ತೆವಳುತ್ತ ನಿಲ್ದಾಣ ಮುಟ್ಟಿದೆವು. ಸವದತ್ತಿಯ ಬಸ್ ಸ್ಟ್ಯಾಂಡಿನಲ್ಲಾದರೆ ಮನುಷ್ಯ ತನ್ನ ಅಂಜಿಕೆಯನ್ನು ಗದ್ದಲದಲ್ಲಿ ಬಚ್ಚಿಡಬಹುದು. ಈ ಚಿಕ್ಕ ವಿಮಾನ ನಿಲ್ದಾಣದಲ್ಲಿ ಆ ಸೌಕರ್ಯವಿಲ್ಲ. ಹೊಳೆಯುವ ನೆಲ, ಬೆರಳೆಣಿಕೆಯ ಜನ, ಸಮವಸ್ತ್ರದವರ ಕಣ್ಣೆಲ್ಲ ನಮ್ಮ ಮೇಲೆಯೇ ಇದೆಯೆಂಬ ಭ್ರಮೆ. ತಪ್ಪು ಮಾಡದವನೂ ಇಲ್ಲಿ ತಪ್ಪಿತಸ್ಥನಂತೆ ನಡೆಯುತ್ತಾನೆ.

ಯಂತ್ರ ತುಟಿಪಿಟಕ್ಕೆನ್ನಲಿಲ್ಲ. ಹೆಂಗಸರ ತಪಾಸಣೆಯ ಪರದೆಯ ಹಿಂದೆ ಹೋದ ಅವ್ವ ಸಲೀಸಾಗಿ ಹೊರಬಂದಳು. ನನ್ನ ಬುದ್ಧಿಗೆ ನಾನೇ ತಲೆದೂಗುತ್ತ ಕುರ್ಚಿಗೆ ಒರಗಿದೆ. ವಿಮಾನ ಹತ್ತಲು ಕರೆದರು. ಏಳುವ ಮುನ್ನ ಅಭ್ಯಾಸಬಲದಿಂದ ಸೆರಗಿನೊಳಗೆ ಹೋದ ಅವ್ವನ ಕೈ ಅಲ್ಲೇ ನಿಂತುಬಿಟ್ಟಿತು.

"ಕೊರಳಾಗ ಲಿಂಗಪ್ಪ ಇಲ್ಲೋ ಬಸೂ."

ಕುರ್ಚಿಯ ಕೆಳಗೆ, ಚೀಲದೊಳಗೆ, ಅವಳ ಕಾಲಬುಡದಲ್ಲಿ ಹುಡುಕಿದೆ. ಎಲ್ಲೂ ಇಲ್ಲ.

"ನೀ ಹೋಗು. ಗಿರ್ಜಿ ಹಂತ್ಯಾಕ ಇರು. ಸಿಗೂತನಕಾ ನಾ ಏಳಂಗಿಲ್ಲ, ಹನಿ ನೀರೂ ಮುಟ್ಟಂಗಿಲ್ಲ."

ಅವಳು ಸಿಟ್ಟಾಗಿದ್ದರೆ ಸಮಾಧಾನವಾಗುತ್ತಿತ್ತು. ಅಡುಗೆಮನೆಯಲ್ಲಿ ಉಪ್ಪು ಮುಗಿದಿದೆ ಎನ್ನುವಷ್ಟು ತಣ್ಣಗೆ ಆ ಮಾತು ಆಡಿದ್ದಳು. ಒಂದು ಕಡೆ ತಂಗಿ, ಒಂದು ಕಡೆ ತಾಯಿ. ಒಂದು ಸಡಿಲ ಗಂಟಿನಿಂದ ಇಬ್ಬರನ್ನೂ ಕಳೆದುಕೊಳ್ಳುತ್ತೇನೇನೋ ಎಂಬ ಭಯದಲ್ಲಿ ತಪಾಸಣೆಯ ಕಡೆಗೆ ಓಡಿದೆ.

ಪರದೆಯ ಬಾಯಲ್ಲಿ ಭದ್ರತೆಯ ಹೆಣ್ಣುಮಗಳೊಬ್ಬಳು ಕೈ ಅಡ್ಡ ಹಿಡಿದು, ಒಳಗೆ ಬರುವ ಹೆಂಗಸರನ್ನು ತಡೆದು ನಿಂತಿದ್ದಳು. ನನ್ನ ಮುಖ ನೋಡಿದ್ದೇ ಅವಳಿಗೆ ತಿಳಿಯಿತು.

"ಅರಿವಿ ಗಂಟ ಇಲ್ಲೇ ಬಿದ್ದೈತ್ರಿ. ಯಾರೂ ತುಳೀಬಾರದಂತ ನಿಂತೇನಿ. ನಾ ಮುಟ್ಟಿಲ್ಲರಿ, ಯವ್ವಾರನ್ನ ಕರೀರಿ, ಅವರ ತಗೊಳ್ಳಿ."

ಓಡಿಹೋಗಿ, ಎದ್ದು ನಿಂತಿದ್ದ ಅವ್ವನನ್ನು ಕರೆತಂದೆ. ಅವಳು ಒಳಗೆ ಹೋಗಿ ಕಣ್ಣಿಗೊತ್ತಿಕೊಂಡು, ಈ ಸಲ ತಾನೇ ಬಿಗಿಯಾಗಿ ಕಟ್ಟಿಕೊಂಡು ಬಂದಳು. ಕೊನೆಯವರಾಗಿ ವಿಮಾನ ಹತ್ತಿದೆವು.

ಸೀಟಿನಲ್ಲಿ ಕುಳಿತರೂ ಅವಳ ಕೈ ಗಂಟನ್ನು ಬಿಡಲಿಲ್ಲ. "ಸಿಕ್ಕಿತಲ್ಲಬೇ, ಇನ್ಯಾಕ ಅಂಜತಿ?" ಎಂದೆ.

ಅವ್ವ ನನ್ನ ಕಡೆ ಬಾಗಿದಳು. ಎದೆಯ ಮೇಲಿನ ಗಂಟಿಗೂ ಕೇಳಿಸಬಾರದೆಂಬಂತೆ ನನ್ನ ಕಿವಿಯಲ್ಲಿ ಹೇಳಿದಳು.

"ನೀ ಆ ಕಡೆ ಓಡಿದ್ಯಲ್ಲ, ಅದು ಸಿಗೂಕಿಂತ ಮೊದಲ... ನಾ ಎದ್ದು, ವಿಮಾನ ಹತ್ತೋರ ಪಾಳಿಯೊಳಗ ನಿಂತಿದ್ನೋ ಬಸೂ."