ಬೈಕಿನ ಗೊರಸಿಗೆ ಹರಳೆಣ್ಣೆ

ಹೇಳಿ ನೋಡೋಣ, ನಿಮ್ಮ ಮನೆಯ ಬೈಕಿಗೆ ಗೊರಸು ಎಲ್ಲಿದೆ? ಕೊಂಬು? ಕಿವಿ?

ಗೊತ್ತಿಲ್ಲದಿದ್ದರೆ ಒಂದು ಭಾನುವಾರ ನಮ್ಮ ಮನೆಗೆ ಬನ್ನಿ. ನಮ್ಮ ಯಜಮಾನರು ಮುಟ್ಟಿ ಮುಟ್ಟಿ ತೋರಿಸುತ್ತಾರೆ. ಹ್ಯಾಂಡಲ್ಲು ಕೊಂಬಂತೆ, ಎರಡು ಕನ್ನಡಿ ಕಿವಿಯಂತೆ, ಸೀಟು ಬೆನ್ನಂತೆ, ಚಕ್ರಗಳು ಗೊರಸಂತೆ. ಹೆಸರಿಟ್ಟು ಸುಮ್ಮನಿದ್ದಿದ್ದರೆ ನನಗೇನೂ ಕಷ್ಟವಿರಲಿಲ್ಲ. ಅದರ ಮೈ ತೊಳೆಯುತ್ತಾರಲ್ಲ, ನನ್ನ ತಲೆನೋವು ಅಲ್ಲಿಂದ ಶುರು.

ನಮ್ಮದು ಅಜ್ಜಂಪುರ. ಎತ್ತುಗಳನ್ನು ಮಾರಿ ಎಷ್ಟೋ ಕಾಲವಾಯಿತು, ಹೊಲಕ್ಕೆ ಈಗ ಟ್ರ್ಯಾಕ್ಟರ್ ಬರುತ್ತದೆ. ಎತ್ತು ಹೋದರೂ ಎತ್ತು ತೊಳೆಯುವ ಚಾಳಿ ಇವರ ಕೈ ಬಿಟ್ಟು ಹೋಗಲಿಲ್ಲ. ಮಗ ಈ ಬೈಕು ತಂದು ಅಂಗಳದಲ್ಲಿ ನಿಲ್ಲಿಸಿದ ದಿನವೇ ಇವರು ಅದರ ಸುತ್ತ ಒಂದು ಸುತ್ತು ಬಂದು, ಬೆನ್ನು ಚಪ್ಪರಿಸಿ, ಸಂತೆಯಲ್ಲಿ ಎತ್ತು ಕೊಳ್ಳುವವರ ಹಾಗೆ "ಸುಳಿ ಚೆನ್ನಾಗೈತೆ" ಎಂದರು. ಜನ್ಮದಲ್ಲಿ ಸೈಕಲ್ ಬಿಟ್ಟು ಬೇರೇನೂ ಓಡಿಸಿದವರಲ್ಲ. ಆದರೂ ಬೈಕು ತೊಳೆಯುವ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟುಕೊಡುವುದಿಲ್ಲ.

ಕಾಫಿ ಕುಡಿದು ಶುರುಮಾಡಿದರೆ ರೊಟ್ಟಿ ಬಡಿದು ಮುಗಿದರೂ ಮುಗಿಯುವುದಿಲ್ಲ. ನನ್ನ ಸ್ನಾನಕ್ಕೆ ಹಂಡೆಯಲ್ಲಿ ಕಾಯಿಸಿದ ನೀರು ಅದಕ್ಕೆ. ನನ್ನ ಸೀಗೆಪುಡಿ ಅದಕ್ಕೆ. ಮೊದಮೊದಲು ಒಣಹುಲ್ಲನ್ನು ಹಿಡಿ ಮಾಡಿ ತಿಕ್ಕುತ್ತಿದ್ದರು. ಬಣ್ಣ ಗೀರಿಹೋಗುತ್ತದೆ ಎಂದು ಮಗ ಕೂಗಾಡಿದ ಮೇಲೆ ಹುಲ್ಲು ಬಿಟ್ಟು ನನ್ನ ಸೀರೆಗೆ ಬಂದರು. ಮನೆಯಲ್ಲಿ ಉಡಲು ಇಟ್ಟುಕೊಂಡಿದ್ದ ಮೆತ್ತನೆಯ ವಾಯಿಲ್ ಸೀರೆ ಒಂದು ಬೆಳಿಗ್ಗೆ ನಾಲ್ಕು ತುಂಡಾಗಿ ಅಂಗಳದ ತಂತಿಯ ಮೇಲೆ ಒಣಗುತ್ತಿತ್ತು.

"ಏನ್ರೀ, ಇದು ನನ್ನ ಸೀರೆ ಅಲ್ವೇನ್ರೀ?"

"ಹಳೇದು ಕಣೇ."

"ನೀವೂ ಹಳಬರೇ. ಹರಿದು ತಂತಿ ಮೇಲೆ ಹಾಕ್ಲಾ?"

ಇವರು ಬೈಕಿನ ಕಿವಿಯ ಸಂದಿಯಲ್ಲಿ ಬೆರಳು ತೂರಿಸಿ ಒರೆಸುತ್ತಾ, "ತಿರುಗು, ಈ ಕಡೆ ತಿರುಗು" ಎಂದು ಹ್ಯಾಂಡಲ್ಲನ್ನು ಮಾತನಾಡಿಸುತ್ತಿದ್ದರು. ನನ್ನೊಡನೆ ಅಷ್ಟು ಮೆತ್ತಗೆ ಯಾವತ್ತೂ ಮಾತನಾಡಿದವರಲ್ಲ.

ಇದನ್ನೆಲ್ಲ ಸಹಿಸಿಕೊಂಡಿದ್ದೆ. ಆದರೆ ಮೊಮ್ಮಗಳ ಲೈಸೆನ್ಸಿನ ವಿಷಯದಲ್ಲಿ ಇವರು ಮಾಡಿದ್ದನ್ನು ಸಹಿಸಲಾರದೆ ಈಗ ಫೋನಿನಲ್ಲಿ ಒಂದೇ ಬೆರಳಿನಿಂದ ಒತ್ತೊತ್ತಿ ಬರೆಯುತ್ತಿದ್ದೇನೆ. ಕನ್ನಡ ಒತ್ತುವುದನ್ನು ಕಲಿಸಿದವಳೂ ಅವಳೇ.

ನಮ್ಮ ಜೊತೆಯಲ್ಲೇ ಇರುವ ಮಗನ ಮಗಳು ಅವಳು. ಹಾಲಿನ ಡೇರಿಯ ಕೆಲಸವೊಂದು ಸಿಕ್ಕಿತ್ತು. ಬುಕ್ಕಾಂಬುಧಿಯಿಂದ ಲಿಂಗದಹಳ್ಳಿಯವರೆಗೆ ಊರೂರು ಸುತ್ತಿ ಹಾಲು ಪರೀಕ್ಷೆ ಮಾಡುವ ಕೆಲಸ. ಬೈಕಿಲ್ಲದೆ ಆಗದು. ಲೈಸೆನ್ಸು ತೋರಿಸಿದರೆ ಮಾತ್ರ ಮುಂದಿನ ವಾರ ಸೇರಿಸಿಕೊಳ್ಳುತ್ತೇವೆ, ಇಲ್ಲವಾದರೆ ಬೇರೆಯವರು ಕಾಯುತ್ತಿದ್ದಾರೆ ಎಂದಿದ್ದರು. ಒಂದು ಸಲ ತರೀಕೆರೆಯಲ್ಲಿ ಟೆಸ್ಟಿಗೆ ಹೋಗಿ, ಎಂಟರ ಆಕಾರದಲ್ಲಿ ಗಾಡಿ ತಿರುಗಿಸುವಾಗ ಕಾಲು ನೆಲಕ್ಕೆ ಊರಿ, ಫೇಲಾಗಿ ಬಂದು ಎರಡು ಹೊತ್ತು ಊಟ ಬಿಟ್ಟಿದ್ದಳು. ಸೋಮವಾರ ಇನ್ನೊಂದು ಟೆಸ್ಟು. ಅದೂ ಕೈತಪ್ಪಿದರೆ ಕೆಲಸವೂ ಹೋದಂತೆಯೇ.

ಭಾನುವಾರ ಅವಳು ಬುಕ್ಕಾಂಬುಧಿ ಕೆರೆ ಏರಿಯ ಮೇಲೆ ಓಡಿಸಿ ಅಭ್ಯಾಸ ಮಾಡಿ, ಬೈಕಿಗೆಲ್ಲ ಕೆಸರು ಮೆತ್ತಿಸಿಕೊಂಡು ಬಂದಳು. ಇವರಿಗೆ ಅಷ್ಟೇ ಸಾಕಾಯಿತು. ತಡೆಯುವುದಕ್ಕೆ ಮಗ ಸೊಸೆ ಮನೆಯಲ್ಲಿರಲಿಲ್ಲ, ಯಗಟಿಗೆ ಮದುವೆಗೆ ಹೋಗಿದ್ದರು.

"ಕೆಸರು ಹೊತ್ಕೊಂಡು ಪರೀಕ್ಷೆಗೆ ಹೋಗ್ತಾರೇನೇ? ನೋಡೋರು ಮನೆಯೋರ್ನ ಬೈಯಲ್ವಾ?" ಎಂದು ಹಂಡೆಗೆ ಕೈಹಾಕಿದರು.

ತೊಳೆದರು, ಒರೆಸಿದರು. ಸಂಜೆ ನಾನು ದೀಪ ಹಚ್ಚುವಾಗ ಇವರು ಅಟ್ಟದಿಂದ ಹರಳೆಣ್ಣೆಯ ಸೀಸೆ ಇಳಿಸಿಕೊಂಡು ಅಂಗಳಕ್ಕೆ ಹೋದದ್ದನ್ನು ಕಂಡೆ. ಮಂಡಿಗೆ ಹಚ್ಚಿಕೊಳ್ಳುತ್ತಾರೆ ಅಂದುಕೊಂಡೆ. ನನ್ನ ಬುದ್ಧಿಗಿಷ್ಟು!

ಸೋಮವಾರ ಬೆಳಿಗ್ಗೆ ಮೊಮ್ಮಗಳು ಹಣೆಗೆ ಕುಂಕುಮ ಇಟ್ಟುಕೊಂಡು, ಹೆಲ್ಮೆಟ್ ಹಾಕಿಕೊಂಡು ಹೊರಟಳು. ನಾವಿಬ್ಬರೂ ಜಗಲಿಯಲ್ಲಿ ನಿಂತಿದ್ದೆವು. ಬೀದಿಯ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಅವಳು ಬ್ರೇಕು ಹಿಡಿದದ್ದು ಕಂಡಿತು, ಬೈಕು ನಿಂತದ್ದು ಮಾತ್ರ ಕಾಣಲಿಲ್ಲ. ಎಮ್ಮೆಯನ್ನು ತಪ್ಪಿಸಿ ಪಕ್ಕದ ಮನೆಯ ತೆಂಗಿನ ಮಟ್ಟೆಯ ರಾಶಿಗೆ ಹೋಗಿ ನುಗ್ಗಿತು.  ಪುಣ್ಯಕ್ಕೆ ಅವಳಿಗೂ ಏನೂ ಆಗಲಿಲ್ಲ, ಎಮ್ಮೆಗೂ ಏನೂ ಆಗಲಿಲ್ಲ.

ಬೈಕು ತಳ್ಳಿಕೊಂಡು ವಾಪಸ್ಸು ಬಂದಳು. "ಅಜ್ಜೀ, ಮುಂದಿನ ಬ್ರೇಕೇ ಹಿಡೀತಿಲ್ಲ! ನಿನ್ನೆ ಚೆನ್ನಾಗಿತ್ತು!"

ಮುಂದಿನ ಚಕ್ರಕ್ಕೆ ಊಟದ ತಟ್ಟೆಯ ಹಾಗೆ ಒಂದು ಹೊಳೆಯುವ ಬಿಲ್ಲೆ ಇದೆ. ಬ್ರೇಕು ಅದನ್ನು ಕಚ್ಚಿ ಹಿಡಿದರೆ ಗಾಡಿ ನಿಲ್ಲುತ್ತದಂತೆ. ಅವಳು ಬಗ್ಗಿ ಅದರ ಮೇಲೆ ಬೆರಳಾಡಿಸಿ, ಮೂಗಿನ ಹತ್ತಿರ ಹಿಡಿದು, ನಿಧಾನವಾಗಿ ತಲೆಯೆತ್ತಿ ನೋಡಿದಳು. ನಾನೂ ತಿರುಗಿ ಇವರನ್ನು ನೋಡಿದೆ.

"ತೊಳೆದ್ಮೇಲೆ ಆ ಬಿಲ್ಲೆ ಕೆಂಪಗೆ ತುಕ್ಕು ಹಿಡಿದಂಗಿತ್ತು," ಎಂದರು ಇವರು. "ಗೊರಸಿಗೆ ಎಣ್ಣೆ ಹಚ್ದಂಗೆ ಒಂಚೂರು ಹಚ್ಚಿದ್ದೆ. ಹಬ್ಬದಲ್ಲಿ ಎತ್ತಿಗೆ ಹಚ್ತಿರ್ಲಿಲ್ವಾ?"

"ಎತ್ತಿಗೆ ಬ್ರೇಕ್ ಇತ್ತೇನ್ರೀ?" ನನ್ನ ದನಿ ಬೀದಿಯ ಕೊನೆಯವರೆಗೆ ಕೇಳಿಸಿರಬೇಕು.

ಮೊಮ್ಮಗಳ ಕಣ್ಣಲ್ಲಿ ನೀರು ತುಂಬಿತ್ತು. ಮೆಕ್ಯಾನಿಕ್ಕಿಗೆ ಫೋನು ಮಾಡಿ ಜೋರಾಗಿ ಕೇಳಿಸುವಂತೆ ಇಟ್ಟಳು. ಅವನು ಸಾಮಾನು ತರಲು ಕಡೂರಿಗೆ ಹೋಗಿದ್ದ.

"ಹರಳೆಣ್ಣೇನಾ? ಯಾರಮ್ಮ ಹಚ್ಚಿದ್ದು?"

"ನಮ್ತಾತ."

"ತಾತಂಗೊಂದು ನಮಸ್ಕಾರ ಹೇಳು." ನಕ್ಕು ಮುಗಿಸಿ ಉಪಾಯ ಹೇಳಿದ. ಬ್ರೇಕ್ ಪ್ಯಾಡ್ ಬಿಚ್ಚಿ ಸ್ಯಾಂಡ್ ಪೇಪರಿನಲ್ಲಿ ಉಜ್ಜಬೇಕು. ಬಿಲ್ಲೆಯನ್ನು ಬಿಸಿನೀರು, ಪಾತ್ರೆ ಸೋಪು ಹಾಕಿ ಜಿಡ್ಡು ಹೋಗುವ ತನಕ ತೊಳೆಯಬೇಕು. "ಬೀದೀಲಿ ನಿಧಾನಕ್ಕೆ ಓಡ್ಸಿ ನೋಡು. ಗಟ್ಟಿಯಾಗಿ ಹಿಡಿದ್ರೆ ಮಾತ್ರ ಹೋಗು, ಇಲ್ಲಾಂದ್ರೆ ಬೇಡ ಕಣಮ್ಮ."

ಅವಳು ಪ್ಯಾಡು ಬಿಚ್ಚಿದಳು. ಬಾಗಿಲಿಗೆ ಬಣ್ಣ ಹೊಡೆಸಿದಾಗ ಉಳಿದಿದ್ದ ಸ್ಯಾಂಡ್ ಪೇಪರು ಹುಡುಕಿ ಕೊಟ್ಟೆ. ಇವರು ಬಕೆಟ್ಟು ಹಿಡಿದು ಹತ್ತಿರ ಬಂದರು.

"ಅಲ್ಲೇ ನಿಂತ್ಕೊಳ್ಳಿ," ಎಂದೆ. "ಒಂದು ಹೆಜ್ಜೆ ಮುಂದಿಟ್ರೆ ನೋಡಿ!"

ಕಜ್ಜಾಯ ಕರಿದ ಬಾಣಲೆಯ ಜಿಡ್ಡು ತೆಗೆದ ಕೈ ನನ್ನದು. ಸೊಂಟಕ್ಕೆ ಸೆರಗು ಬಿಗಿದು ನೆಲದ ಮೇಲೆ ಕುಕ್ಕರಿಸಿದೆ. ಹರಳೆಣ್ಣೆ ಒಂದು ಸಲಕ್ಕೆ ಬಿಡುವ ಎಣ್ಣೆಯಲ್ಲ. ತಿಕ್ಕಿದಷ್ಟೂ ಜಾರುತ್ತಿತ್ತು, ಮಂಡಿ ಉರಿಯುತ್ತಿತ್ತು, ಪ್ರತಿ ಉಜ್ಜಿಗೂ ಇವರನ್ನು ಒಂದೊಂದು ಮಾತು ಬೈಯುತ್ತಿದ್ದೆ. ಹಂಡೆಯ ನೀರೆಲ್ಲ ಖಾಲಿಯಾದ ಮೇಲೆ ಬೆರಳಿಟ್ಟರೆ ಕಿರ್ ಎಂದಿತು. ಒರೆಸುವುದಕ್ಕೆ ಬಟ್ಟೆ? ನನ್ನ ಸೀರೆಯ ತುಂಡೇ, ಇನ್ನೇನು.

ಮೊಮ್ಮಗಳು ಪ್ಯಾಡು ಹಾಕಿ, ಬೀದಿಯಲ್ಲಿ ಮೆಲ್ಲಗೆ ಹೋಗಿ ಹೋಗಿ ಹಿಡಿದು ನೋಡಿದಳು. ಮೊದಲು ಜಾರಿತು, ಆಮೇಲೆ ಕಚ್ಚಿತು, ಕೊನೆಗೆ ಗಕ್ಕನೆ ನಿಂತಿತು. ಅವಳು ಕೈತೊಳೆಯಲು ಒಳಗೆ ಹೋದಾಗ ನಾನು ಅತ್ತಿತ್ತ ನೋಡಿ, ಬೈಕಿನ ಕನ್ನಡಿಯ ಹತ್ತಿರ ಬಗ್ಗಿ ಒಂದು ಮಾತು ಹೇಳಿದೆ. ಏನೆಂದು ನಿಮಗೆ ಬೇಡ.

ಅವಳು ಹೋದ ಮೇಲೆ ಇವರು ತಿಂಡಿ ಮುಟ್ಟಲಿಲ್ಲ. ನಾನೂ ಬಲವಂತ ಮಾಡಲಿಲ್ಲ, ಅಷ್ಟು ಸಿಟ್ಟಿತ್ತು. ಮಧ್ಯಾಹ್ನವಾದರೂ ಫೋನಿಲ್ಲ. ಕಂಬಕ್ಕೆ ಒರಗಿ ಕೂತಿದ್ದವರು ಕೊನೆಗೆ, "ಕೂಸಿಗೆ ಒಂದು ಮೆಸೇಜ್ ಒತ್ತೇ" ಎಂದರು.

"ಬ್ರೇಕ್ ಹಿಡಿಯಿತಾ" ಎಂದು ಒತ್ತಿದೆ. ಪ್ರಶ್ನೆಯ ಗುರುತು ಎಲ್ಲಿದೆಯೋ ಸಿಗಲಿಲ್ಲ.

ತುಂಬಾ ಹೊತ್ತಿನ ಮೇಲೆ ಉತ್ತರ ಬಂತು. "ಹಿಡಿಯಿತು. ಕಾಲೂ ಊರಲಿಲ್ಲ. ಪಾಸು." ಓದಿ ಹೇಳಿದೆ. ಇವರು ಎದ್ದು ಒಳಗೆ ಹೋಗಿ, ಆರಿದ ಉಪ್ಪಿಟ್ಟನ್ನು ಬೋಗುಣಿಯ ಸಮೇತ ಮುಂದಿಟ್ಟುಕೊಂಡು ಕೂತರು.

ಸಂಜೆ ಬೈಕು ಧೂಳು ಮೆತ್ತಿಕೊಂಡು ಅಂಗಳಕ್ಕೆ ಬಂತು. ಮೊಮ್ಮಗಳು ಇನ್ನೂ ಹೆಲ್ಮೆಟ್ ತೆಗೆದಿರಲಿಲ್ಲ, ಬಚ್ಚಲಲ್ಲಿ ಬಕೆಟ್ಟಿನ ಸದ್ದು ಕೇಳಿಸಿತು. ನಾನು ಬಾಗಿಲಿಗೆ ಅಡ್ಡ ನಿಂತೆ.

"ಅದು ಎತ್ತಲ್ಲ ಕಣ್ರೀ! ಕಬ್ಬಿಣ! ಅದಕ್ಕೆ ಕಿವಿಯೂ ಇಲ್ಲ, ಗೊರಸೂ ಇಲ್ಲ. ಯಾವಾಗ ಅರ್ಥ ಆಗುತ್ತೆ ನಿಮಗೆ?"

ಇವರು ಬಕೆಟ್ಟನ್ನು ಕೆಳಗೆ ಕೂಡ ಇಡಲಿಲ್ಲ.

"ಕಿವಿ ಇಲ್ಲಾಂದ್ರೆ, ಬೆಳಿಗ್ಗೆ ಅದರ ಹತ್ರ ಬಗ್ಗಿ ಅದೇನೇ ಪಿಸುಗುಟ್ತಿದ್ದೆ?"