ಮೂರು ವಾಚಿಗೆ ಸಿಕ್ಕಿಬಿದ್ದ ಸದ್ದು

ಯಲ್ದೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಗಂಗುಲಪ್ಪ ಮೇಷ್ಟ್ರು ಮೂವತ್ತು ವರ್ಷದಲ್ಲಿ ಸವೆಸಿದ ಸೀಮೆಸುಣ್ಣವನ್ನು ಗುಡ್ಡೆ ಹಾಕಿದ್ದರೆ ಕೋಲಾರದ ಬೆಟ್ಟಕ್ಕೊಬ್ಬ ತಮ್ಮ ಹುಟ್ಟುತ್ತಿದ್ದ. ಬರುವ ತಿಂಗಳು ನಿವೃತ್ತಿ. ಅಷ್ಟರೊಳಗೆ ಕೋಲಾರದ ವಿಜ್ಞಾನ ಮೇಳದಲ್ಲಿ ತಮ್ಮದೊಂದು ಪ್ರಯೋಗ ಇರಬೇಕೆಂಬುದೊಂದೇ ಅವರ ಆಸೆ.

ವಿಷಯ ಗಾಮಾ ಕಿರಣಗಳ ಸಿಡಿತ. ಆಕಾಶದ ಯಾವುದೋ ಮೂಲೆಯಲ್ಲಿ ಚಣಕಾಲ ಹೊತ್ತಿ ಆರುವ, ಕಣ್ಣಿಗೆ ಕಾಣದ ಬೆಳಕು. ಕೋಟಿಗಟ್ಟಲೆ ಮೈಲಿ ದೂರ ದೂರ ಇರುವ ಬಾಹ್ಯಾಕಾಶ ನೌಕೆಗಳು ಅದು ತಮ್ಮನ್ನು ಮುಟ್ಟಿದ ಗಳಿಗೆಯನ್ನು ಗುರುತಿಸಿಕೊಳ್ಳುತ್ತವೆ. ಯಾವುದಕ್ಕೆ ಮೊದಲು, ಯಾವುದಕ್ಕೆ ಎಷ್ಟು ತಡ ಎಂಬ ಲೆಕ್ಕದಿಂದ ಅದು ಬಂದ ಕಡೆ ಸಿಗುತ್ತದೆ. ಹೆಡ್‌ಮಿಸ್ ಅನಸೂಯಮ್ಮ ಮಾತ್ರ, ಕಣ್ಣೆದುರು ಮಾಡಿ ತೋರಿಸಿದರಷ್ಟೇ ಮೇಳಕ್ಕೆ ಕಳಿಸುವ ಪತ್ರಕ್ಕೆ ಸಹಿ ಎಂದುಬಿಟ್ಟರು.

ಮೇಷ್ಟ್ರು ಬೆಳಕಿನ ಬದಲು ಸದ್ದನ್ನು ಹಿಡಿದರು. ಜವಾನ ಸೀನಪ್ಪ ಮಾವಿನ ತೋಪಿನ ಪೂರ್ವದ ಬೇಲಿಯ ಬಳಿ ಕೋತಿ ಓಡಿಸುವ ಪೈಪ್ ಗನ್ನು ಹಾರಿಸಬೇಕು. ಕಿಲೋಮೀಟರ್ ಅಂತರದ ಮೂರು ಜಾಗಗಳಲ್ಲಿ ಮೇಷ್ಟ್ರು, ಗಣಿತದ ತ್ರಿವೇಣಿ ಟೀಚರ್, ಬಿಸಿಯೂಟದ ಮುನಿಲಕ್ಷ್ಮಿ ಸದ್ದು ಕೇಳಿಸಿದ ಹೊತ್ತನ್ನು ವಾಚು ನೋಡಿ ಸೆಕೆಂಡಿನ ಸಮೇತ ಬರೆದುಕೊಳ್ಳಬೇಕು.

ಗನ್ನು ಹಾರಿತು. ಮುಳಬಾಗಿಲಿನ ಕೋತಿಗಳೂ ಗಂಟುಮೂಟೆ ಕಟ್ಟಿ ಆಂಧ್ರಕ್ಕೆ ಗುಳೆ ಹೋದವು. ಆದರೆ ಲೆಕ್ಕದ ಪ್ರಕಾರ, ಮುನಿಲಕ್ಷ್ಮಿಯನ್ನು ಮುಟ್ಟಲು ಸದ್ದಿಗೆ ಐದು ನಿಮಿಷ ಹೆಚ್ಚು ಹಿಡಿದಿತ್ತು.

"ಅಷ್ಟೊತ್ತಿಗೆ ಅದು ಬೆಂಗಳೂರಲ್ಲಿ ಕಾಫಿ ಕುಡೀತಾ ಇರುತ್ತೆ ಮೇಷ್ಟ್ರೇ," ಎಂದರು ಅನಸೂಯಮ್ಮ.

ಬಸ್ಸು ತಪ್ಪಬಾರದೆಂದು ಆ ಸೀಮೆಯವರೆಲ್ಲ ವಾಚನ್ನು ಕೆಲವು ನಿಮಿಷ ಮುಂದೆ ಓಡಿಸಿಟ್ಟುಕೊಳ್ಳುತ್ತಾರೆ, ಒಬ್ಬೊಬ್ಬರು ಒಂದೊಂದಷ್ಟು. ಸರಿಮಾಡೋಣವೆಂದು ಮೇಷ್ಟ್ರು ಕೈ ಚಾಚಿದರೆ ಮುನಿಲಕ್ಷ್ಮಿ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಮುಟ್ಬೇಡಿ ಸಾ. ಇದು ನಿಜ ಹೇಳಿದ್ ದಿನ ನಂಗೆ ಬಸ್ಸಿಲ್ಲ, ಮಕ್ಕಳಿಗೆ ಅನ್ನ ಇಲ್ಲ."

ಮೇಷ್ಟ್ರು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಮೂರು ವಾಚನ್ನೂ ಬೆಂಚಿನ ಮೇಲೆ ಸಾಲಾಗಿ ಇಡಿಸಿ, ಯಾವುದು ಎಷ್ಟು ಮುಂದೆ ಎಂದು ನೋಡಿ, ಬರೆದುಕೊಂಡ ಹೊತ್ತಿನಿಂದ ಅಷ್ಟನ್ನು ಕಳೆದರು. ನೌಕೆಗಳ ಗಡಿಯಾರವನ್ನೂ ಹೀಗೇ ತಾಳೆ ನೋಡಬೇಕಾಗುತ್ತದೆಂದು ಅನಸೂಯಮ್ಮನವರಿಗೆ ಹೇಳಿದರು. ತ್ರಿವೇಣಿ ನಕ್ಷೆಯ ಮೇಲೆ ಗೆರೆ ಎಳೆದಳು. ಗೆರೆಗಳು ಕೂಡಿದ್ದು ಬೇಲಿಯ ಹತ್ತಿರವಲ್ಲ, ತೋಪಿನ ನಟ್ಟನಡುವೆ. ಇನ್ನೊಮ್ಮೆ ಎಳೆದರೂ ಅಲ್ಲೇ.

ಅನಸೂಯಮ್ಮ ಪತ್ರ ಮಡಚತೊಡಗಿದರು. ಮೇಷ್ಟ್ರು ಅಡ್ಡ ಬಂದರು.

"ಲೆಕ್ಕ ಹೇಳಿದ್ ಕಡೆ ಒಂದ್ಸಲ ಹೋಗಿ ನೋಡೋಣ ಮೇಡಂ."

ಹೋದರು. ಬಾದಾಮಿ ಮಾವಿನ ದೊಡ್ಡ ಮರದಡಿ ಸೀನಪ್ಪ ಗನ್ನನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದ.

"ಬೇಲಿ ಹತ್ರ ಬಿಸ್ಲು ಸಾ," ಎಂದ ಎದ್ದು ಕೂತು. "ಇಲ್ಲಿಂದ್ಲೇ ಹಾರಿಸ್ದೆ, ಯಾರ್ಗೂ ಗೊತ್ತಾಗಲ್ಲ ಅಂದ್ಕೊಂಡೆ."

ಅನಸೂಯಮ್ಮ ಮಡಚಿದ ಪತ್ರವನ್ನು ಬಿಡಿಸಿ, ಮರದ ಬೊಡ್ಡೆಗೆ ಒತ್ತಿ ಹಿಡಿದು ಸಹಿ ಹಾಕಿದರು.