ಸ್ತೊಯಾದಿನ್‌ಗೆ ಹಿಡಿದ ಸಂದಿಗಾಳಿ

ಝಿವಾದಿನ್‌ಗೆ ಕೂತಲ್ಲಿ ಕೂರುವ ಜಾಯಮಾನವೇ ಇರಲಿಲ್ಲ. ಕಾರು ಕಾರ್ಖಾನೆಯಲ್ಲಿದ್ದಷ್ಟು ದಿನ ಅದು ಯಾರ ಕಣ್ಣಿಗೂ ಬೀಳಲಿಲ್ಲ, ಯಾಕೆಂದರೆ ಎಂಜಿನ್ ಜೋಡಿಸುವ ಸಾಲಿನಲ್ಲಿ ಎಲ್ಲರೂ ನಿಂತೇ ದುಡಿಯುತ್ತಿದ್ದರು. ಮುಷ್ಕರದ ಕಾಲದಲ್ಲಂತೂ ಅದೇ ಅವನ ದೊಡ್ಡಸ್ತಿಕೆಯಾಯಿತು. ಗೇಟಿನ ಮುಂದೆ ಚಳಿ ಕಾಯಲು ಬೆಂಕಿ ಹಾಕುವವನು ಅವನು, ಬೀನ್ಸ್ ಸಾರಿನ ಹಂಡೆ ಹೊರುವವನು ಅವನು. ಬೆಲ್‌ಗ್ರೇಡಿಗೆ ಕಾಲ್ನಡಿಗೆಯಲ್ಲಿ ಹೊರಟಾಗ ಮುಂದಕ್ಕೆ ಮುಂದಕ್ಕೆ ಹೋಗಿ, "ಏಯ್, ಇದು ಮೆರವಣಿಗೆ ಕಣಯ್ಯಾ, ಓಟದ ಪಂದ್ಯ ಅಲ್ಲ!" ಎಂದು ಹಿಂದಿನವರ ಕೈಲಿ ಬೈಸಿಕೊಂಡವನೂ ಅವನೇ.

ಆಮೇಲೆ ಕಾರ್ಖಾನೆ ಕೈ ಬದಲಾಯಿತು. ಅರ್ಧಕ್ಕರ್ಧ ಜನರನ್ನು ಮನೆಗೆ ಕಳಿಸಿದರು. ಗೆದ್ದೆವೋ ಸೋತೆವೋ ಎಂದು ಕುಡಿತ-ಹರಟೆಯ ಕಫಾನದ ಮೇಜುಗಳಲ್ಲಿ ಇವತ್ತಿಗೂ ಜಗಳ ನಡೆಯುತ್ತದೆ. ಝಿವಾದಿನ್ ಆ ಜಗಳಕ್ಕೆ ಹೋಗಲಿಲ್ಲ, ಅದಕ್ಕೂ ಕೂರಬೇಕಲ್ಲ. ಮನೆಯ ಬಾಲ್ಕನಿಗೆ ಬಣ್ಣ ಬಳಿದ. ಒಣಗಿದ ಮೇಲೆ ಕೆರೆದು ಮತ್ತೆ ಬಳಿದ. ಅಡಿಗೆಮನೆಯ ಒಲೆಯನ್ನು ಈ ಗೋಡೆಯಿಂದ ಆ ಗೋಡೆಗೆ ತಳ್ಳಿದ. ಹೆಂಡತಿ ಕೊಸಾರಾ ಶಾಲೆಯ ಅಡಿಗೆಮನೆಯಲ್ಲಿ ದುಡಿದು ಬಂದು ಕತ್ತಲಲ್ಲಿ ಒಲೆಗೆ ಮೊಣಕಾಲು ಬಡಿದುಕೊಂಡು, "ನಿಂಗೆ ಎಲ್ಲಾದ್ರೂ ಒಂದು ಮುಷ್ಕರ ಹುಡುಕಿ ಕೊಡ್ಲೇನೋ ಮಾರಾಯ?" ಎಂದು ಕೂಗಿದಳು.

ಉಳಿದದ್ದು ಕಾರು. ಅವನ ಕೈಯೇ ಒಂದು ಕಾಲಕ್ಕೆ ಜೋಡಿಸಿದ ಮಾದರಿಯದು, ಊರವರೆಲ್ಲ ಸ್ತೊಯಾದಿನ್ ಎಂದು ಮನುಷ್ಯನ ಹೆಸರಿಟ್ಟು ಕರೆಯುವಂಥದು. ವಯಸ್ಸಾಗಿತ್ತು. ಸಪಾಟು ರಸ್ತೆಯಲ್ಲಿ ಓಡುತ್ತಿತ್ತು, ಏರು ಕಂಡರೆ ಏದುಸಿರು ಬಿಡುತ್ತಿತ್ತು.

ಅದರ ಏದುಸಿರು ಎಲ್ಲರಿಗೂ ಕೇಳಿಸುತ್ತಿದ್ದದ್ದು ವರ್ಷಕ್ಕೊಮ್ಮೆ, ಮಿತ್ರೋವ್‌ದಾನ್ ದಿನ. ನವೆಂಬರಿನ ಆ ದಿನ ಕೊಸಾರಾಳ ತವರಿನಲ್ಲಿ ಸ್ಲಾವಾ, ಮನೆಸಂತನ ಹಬ್ಬ. ತವರು ಇರುವುದು ಕತ್ತೆದಿಣ್ಣೆಯ ತುದಿಯಲ್ಲಿ. ಸ್ತೊಯಾದಿನ್ ಪ್ರತಿ ವರ್ಷ ದಿಣ್ಣೆಯ ಅರ್ಧದಲ್ಲಿ ನಿಲ್ಲುತ್ತಿತ್ತು. ಕೊಸಾರಾಳ ತಮ್ಮ ಮಿಲೋವನ್ ಟ್ರ್ಯಾಕ್ಟರ್ ತಂದು, ಸರಪಳಿ ಬಿಗಿದು, ಅಂಗಳದ ತುಂಬ ನಿಂತ ನೆಂಟರ ಎದುರಿಗೆ ಭಾವನನ್ನು ಎಳೆದುಕೊಂಡು ಬರುತ್ತಿದ್ದ. "ಕಟ್ಟಿ ಹಾಕ್ರೋ, ಹುಲ್ಲು ಹಾಕ್ರೋ!" ಎಂದು ನೆಂಟರು ಕುಣಿಯುತ್ತಿದ್ದರು.

ಹೋದ ವರ್ಷ ಎಳೆಸಿಕೊಂಡು ಇಳಿದವನೇ ಝಿವಾದಿನ್ ಎಲ್ಲರೆದುರು ಬಾಯಿಬಿಟ್ಟುಬಿಟ್ಟ: "ಮುಂದಿನ ವರ್ಷ ನಿನ್ನ ಟ್ರ್ಯಾಕ್ಟರ್ ಬೇಕಾದ್ರೆ, ಮರುದಿನವೇ ಕಾರನ್ನ ಗುಜರಿಗೆ ಹಾಕ್ತೀನಿ."

"ನಾನೇ ಗುಜರಿಯವನನ್ನ ಕರೆಸ್ತೀನಿ ಭಾವ," ಎಂದ ಮಿಲೋವನ್. ಕೈಕೈ ಹಿಡಿದು ಕುಲುಕಿಯೂ ಆಯಿತು. ಅಲ್ಲಿ ಕೈ ಕುಲುಕಿದರೆ ಮುಗಿಯಿತು, ಮಾತು ವಾಪಸಿಲ್ಲ. ಕಾರು ಹೋದರೆ ಝಿವಾದಿನ್‌ಗೆ ಕೈಯಿಡಲು ಜಗತ್ತಿನಲ್ಲಿ ಬೇರೇನೂ ಇರಲಿಲ್ಲ. ಅದು ಕೊಸಾರಾಳಿಗೂ ಗೊತ್ತಿತ್ತು. ಒಲೆ ಮತ್ತೆ ಯಾವ ಗೋಡೆಗೆ ಹೋಗುತ್ತದೋ ಎಂದು ಅವಳ ಮೊಣಕಾಲಿಗೆ ಈಗಲೇ ದಿಗಿಲಾಗಿತ್ತು.

ವರ್ಷವಿಡೀ ಅವನು ಕಾರಿನ ಉಸಿರಿನ ಹಿಂದೆ ಬಿದ್ದ. ಎಂಜಿನ್ ಉಸಿರಾಡುವುದು ಮೇಲೆ ಕೂತಿರುವ ಬಾಣಲೆಯಂಥ ಫಿಲ್ಟರ್ ಡಬ್ಬಿಯ ಮೂಲಕ. ಅದರ ಮುಚ್ಚಳಕ್ಕೆ ಎರಡು ದಿಕ್ಕು. ಬೇಸಿಗೆಯ ಕಡೆ ತಿರುಗಿಸಿದರೆ ಹೊರಗಿನ ತಣ್ಣನೆ ಗಾಳಿ, ಚಳಿಗಾಲದ ಕಡೆ ತಿರುಗಿಸಿದರೆ ಹೊಗೆ ಹೋಗುವ ಕೊಳವೆಯ ಬಳಿಯ ಬೆಚ್ಚನೆ ಗಾಳಿ. ಸ್ತೊಯಾದಿನ್ ಇಟ್ಟುಕೊಂಡವರೆಲ್ಲ ವಸಂತದ ಜೂರ್ಜೆವ್‌ದಾನ್ ಹಬ್ಬ ಬಂದರೆ ಇತ್ತ, ಮಿತ್ರೋವ್‌ದಾನ್ ಬಂದರೆ ಅತ್ತ, ಮೇಣದ ಬತ್ತಿ ಹಚ್ಚುವಷ್ಟೇ ಭಕ್ತಿಯಿಂದ ಮುಚ್ಚಳ ತಿರುಗಿಸುತ್ತಿದ್ದರು.

ಝಿವಾದಿನ್‌ಗೆ ಆ ಭಕ್ತಿ ಇರಲಿಲ್ಲ. ತಣ್ಣನೆ ಗಾಳಿ ದಟ್ಟ, ದಟ್ಟ ಗಾಳಿಯಲ್ಲಿ ಉಸಿರು ಜಾಸ್ತಿ, ಉಸಿರು ಜಾಸ್ತಿಯಾದರೆ ಬಲ ಜಾಸ್ತಿ. ಲೆಕ್ಕ ಸರಿಯೇ. ಬೆಚ್ಚನೆ ಗಾಳಿಯ ಕೊಳವೆಯನ್ನು ಕಿತ್ತು ಎಸೆದ. ಹೆಡ್‌ಲೈಟಿನ ಪಕ್ಕ ತಗಡು ಕೊರೆದು ಮುಷ್ಟಿ ತೂರುವಷ್ಟು ತೂತು ಮಾಡಿದ. ಆ ತೂತಿನಿಂದ ಡಬ್ಬಿಯವರೆಗೆ ಒಂದು ದಪ್ಪ ಕೊಳವೆ ಎಳೆದ. ಕೊಳವೆ ಎಲ್ಲಿಂದ ಬಂತೆಂದು ಕೊಸಾರಾಳಿಗೆ ತಿಳಿದದ್ದು ಜಮಖಾನೆಯ ಕಸ ಹೀರುವ ಯಂತ್ರ ಹೊರಗೆಳೆದಾಗ.

"ಅದರ ಸೊಂಡಿಲು ಎಲ್ಲೋ?"

"ದಿಣ್ಣೆ ಹತ್ತೋಕೆ ಬೇಕು."

ಅವಳು ಅಂಗಳಕ್ಕೆ ಬಂದು ಬಾನೆಟ್ಟಿನೊಳಗೆ ಇಣುಕಿದಳು. ತೂತು ನೋಡಿದ್ದೇ ಅವಳ ಮುಖ ಬಿಳಿಚಿತು. "ಇದೇನೋ ಇದು? ಇತ್ಲಾಗಿಂದ ಬಂದು ಅತ್ಲಾಗೆ ಹೋಗತ್ತೆ ಗಾಳಿ! ಸಂದಿಗಾಳಿ!"

ಆ ಸೀಮೆಯಲ್ಲಿ ಜನ ಸರ್ಕಾರಕ್ಕೆ ಹೆದರುವುದಿಲ್ಲ, ಪೊಲೀಸರ ಲಾಠಿಗೂ ಅಷ್ಟಾಗಿ ಹೆದರುವುದಿಲ್ಲ. ಸಂದಿಗಾಳಿಗೆ ಹೆದರುತ್ತಾರೆ. ಎದುರುಬದುರು ಎರಡು ಕಿಟಕಿ ತೆರೆದರೆ ನಡುವೆ ಹಾಯುವ ಗಾಳಿಗೆ ಕತ್ತು ತಿರುಚುತ್ತದೆ, ಮೂತ್ರಪಿಂಡ ಕೆಡುತ್ತದೆ, ಗಟ್ಟಿಮುಟ್ಟಾದ ಗಂಡಸು ಹಾಸಿಗೆ ಹಿಡಿಯುತ್ತಾನೆ. ಬೇಸಗೆಯ ಬಸ್ಸಿನಲ್ಲಿ ಬೆಂದು ಹೋದರೂ ಸರಿ, ಯಾರೂ ಎರಡನೇ ಕಿಟಕಿ ತೆರೆಯುವುದಿಲ್ಲ.

"ಅದು ಎಂಜಿನ್ ಕಣೆ, ನಿಮ್ಮಜ್ಜಿ ಅಲ್ಲ," ಎಂದ ಝಿವಾದಿನ್.

"ನೀನು ಸೊಂಟಕ್ಕೆ ಉಣ್ಣೆ ಪಟ್ಟಿ ಸುತ್ಕೊಂಡು ನಿಂತಿದೀಯ. ಅದರ ಗಂಟಲಿಗೆ ಮಾತ್ರ ಥಂಡಿ ಬಿಡ್ತೀಯಾ?"

ಅವನು ಅಂಗಿ ಕೆಳಗೆಳೆದು ಪಟ್ಟಿ ಮುಚ್ಚಿಕೊಂಡ. ಸೆಪ್ಟೆಂಬರಿನ ಒಣ ಹವೆಯಲ್ಲಿ ಒಬ್ಬನೇ ಹೋಗಿ ಕತ್ತೆದಿಣ್ಣೆಯ ಮುಕ್ಕಾಲು ಪಾಲು ಹತ್ತಿ ನೋಡಿದ. ಕಾರು ಕುದುರೆಯ ಹಾಗೆ ನುಗ್ಗಿತು. ಹಿಂದಿರುಗಿ ಬಂದವನು ಆ ವಾರವೆಲ್ಲ ಸಿಳ್ಳೆ ಹಾಕಿದ.

ಮಿತ್ರೋವ್‌ದಾನ್ ಬಂತು. ಮಂಜು ಎಂಥದೆಂದರೆ ರಸ್ತೆಬದಿಯ ಪ್ಲಮ್ ಮರಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಹಿಮ ಬೀಳುವಷ್ಟು ಚಳಿಯಿಲ್ಲ, ಮೂಳೆಗೆ ಇಳಿಯುವ ಒದ್ದೆ ಚಳಿ. ಕೊಸಾರಾ ಬೆಳ್ಳಿಹಾಳೆ ಮುಚ್ಚಿದ ಗಿಬಾನಿತ್ಸಾ ಕಡುಬಿನ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಹಿಂದಿನ ಸೀಟಿನಲ್ಲಿ ಸಂತನ ಹಬ್ಬಕ್ಕೆಂದು ಒಂದು ಬಾಟಲಿ ರಾಕಿಯಾ, ಪ್ಲಮ್ ಹಣ್ಣಿನ ಸಾರಾಯಿ.

ದಿಣ್ಣೆಯ ಬುಡದಲ್ಲಿ ಕಾರು ಚೆನ್ನಾಗಿಯೇ ಎದ್ದಿತು. ಮೊದಲ ತಿರುವು ದಾಟಿತು. ಎರಡನೇ ತಿರುವಿನಲ್ಲಿ ಒಮ್ಮೆ ಕೆಮ್ಮಿತು. ಝಿವಾದಿನ್ ಇನ್ನಷ್ಟು ಒತ್ತಿದ. ಒತ್ತಿದಷ್ಟೂ ಬಲ ಇಳಿಯಿತು. ನಡುಗಿ, ಬಿಕ್ಕಿ, ಮೂರನೇ ತಿರುವಿನ ಕೆಳಗೆ ಸ್ತೊಯಾದಿನ್ ಸತ್ತುಹೋಯಿತು.

ಮಂಜಿನಲ್ಲಿ ಸದ್ದು ದೂರ ಹೋಗುತ್ತದೆ, ಸದ್ದು ನಿಂತದ್ದೂ ಹೋಗುತ್ತದೆ. ಮೇಲಿನ ಅಂಗಳದಿಂದ "ಹೋ!" ಎಂದು ದೊಡ್ಡ ಕೂಗೆದ್ದಿತು. ಹಿಂದೆಯೇ ಟ್ರ್ಯಾಕ್ಟರ್ ಶುರುವಾದ ಡುಗುಡುಗು.

"ಬಂದ," ಎಂದಳು ಕೊಸಾರಾ.

ಝಿವಾದಿನ್ ಹಾರಿ ಇಳಿದು ಬಾನೆಟ್ ಎತ್ತಿದ. ಪೆಟ್ರೋಲ್ ಬರುತ್ತಿದೆ. ಕಿಡಿ ಇದೆ. ಬೆಲ್ಟ್ ನೆಟ್ಟಗಿದೆ. ಟ್ರ್ಯಾಕ್ಟರಿನ ಸದ್ದು ಅಂಗಳ ಬಿಟ್ಟು ರಸ್ತೆಗಿಳಿಯಿತು.

"ಸಂದಿಗಾಳಿ," ಎಂದಳು ಕೊಸಾರಾ, ಕೂತಲ್ಲಿಂದಲೇ.

"ಬಾಯಿ ಮುಚ್ಚೇ!"

"ಸಂದಿಗಾಳಿ ಹೊಡೆದಿದೆ ಅದಕ್ಕೆ. ಮುಟ್ಟಿ ನೋಡು, ತಣ್ಣಗಾಗಿರತ್ತೆ."

ಬೈಯಲೆಂದೇ ಅವನು ಡಬ್ಬಿಯ ಮುಚ್ಚಳ ತೆಗೆದು ಅದರ ಕೆಳಗೆ ಗಾಳಿ-ಪೆಟ್ರೋಲ್ ಬೆರೆಸುವ ಕಾರ್ಬ್ಯುರೇಟರಿನ ಕತ್ತಿಗೆ ಕೈಯಿಟ್ಟ. ಇಟ್ಟ ಕೈ ಹಾಗೇ ನಿಂತಿತು. ಕುದಿಯುವ ಎಂಜಿನ್ನಿನ ತಲೆಯ ಮೇಲೆ ಆ ಕತ್ತು ಬೆಳ್ಳಗೆ ಹಿಮಗಟ್ಟಿತ್ತು. ಬೆರಳು ಒಳಗೆ ಹಾಕಿದರೆ ಗಂಟಲ ತುಂಬ ಮಂಜುಗಡ್ಡೆ. ಒದ್ದೆ ಥಂಡಿ ಗಾಳಿ ಪೆಟ್ರೋಲಿನ ಜೊತೆ ಇಕ್ಕಟ್ಟಿನಲ್ಲಿ ನುಗ್ಗಿ, ಅಲ್ಲೇ ಹೆಪ್ಪುಗಟ್ಟಿ, ಉಸಿರಿನ ದಾರಿಯನ್ನೇ ಮುಚ್ಚಿಬಿಟ್ಟಿತ್ತು. ಚಳಿಗಾಲದ ಕೊಳವೆ ಇದ್ದದ್ದೇ ಇದಕ್ಕೆ. ಮುಚ್ಚಳ ತಿರುಗಿಸಬೇಕಾದ ದಿನವೂ ಇವತ್ತೇ. ತಿರುಗಿಸಿ ಪ್ರಯೋಜನವಿರಲಿಲ್ಲ, ಆ ಕಡೆ ಈಗ ಏನೂ ಉಳಿದಿರಲಿಲ್ಲ.

"ರಾಕಿಯಾ ಕೊಡು!"

"ಈಗ ಕುಡೀತೀಯಾ?"

"ನಂಗಲ್ಲ ಕಣೆ, ಇದಕ್ಕೆ!"

"ಅದು ಸಂತನಿಗೆ ತಂದದ್ದೋ ಪಾಪಿ!" ಎನ್ನುತ್ತಲೇ ಅವಳು ಬಾಟಲಿ ಕೊಟ್ಟಳು. ಅವನು ಮೊದಲು ತಾನೊಂದು ಗುಟುಕು ಎಳೆದು, ಆಮೇಲೆ ಕಾರ್ಬ್ಯುರೇಟರಿನ ಗಂಟಲಿಗೆ ಸ್ವಲ್ಪಸ್ವಲ್ಪ ಸುರಿದ. ಮಂಜುಗಡ್ಡೆ ಚಟಪಟಗುಟ್ಟಿ ಕರಗಿತು. ಕೊಳವೆಯ ತುದಿಯನ್ನು ಹೆಡ್‌ಲೈಟಿನ ತೂತಿನಿಂದ ಕಿತ್ತು, ಬಾಗಿಸಿ, ಹೊಗೆಕೊಳವೆಯ ಪಕ್ಕಕ್ಕೆ ತಂದು ತಂತಿಯಿಂದ ಬಿಗಿದ. ಪ್ಲಾಸ್ಟಿಕ್ ಆಗಲೇ ಸುಟ್ಟ ವಾಸನೆ ಬಿಡತೊಡಗಿತು.

"ಬೆಳ್ಳಿಹಾಳೆ ಕೊಡು, ಸುತ್ತಬೇಕು."

"ಕಡುಬು ಬತ್ತಲೆ ಆಗತ್ತೆ."

"ಆಗ್ಲಿ ಬಿಡು!"

ಟ್ರ್ಯಾಕ್ಟರಿನ ದೀಪ ಮಂಜಿನಲ್ಲಿ ಹಳದಿಯಾಗಿ ಕಂಡಾಗ ಅವನು ಕೀಲಿ ತಿರುಗಿಸುತ್ತಿದ್ದ. ಒಮ್ಮೆ ಕೆಮ್ಮು. ಇನ್ನೊಮ್ಮೆ ಕೆಮ್ಮು. ಮೂರನೆಯದಕ್ಕೆ ಸ್ತೊಯಾದಿನ್ ರಾಕಿಯಾ ಕುಡಿದ ಮಾವನ ಹಾಗೆ ಅರಚಿ ಎದ್ದಿತು, ಹಿಂದಿನಿಂದ ನೀಲಿ ಹೊಗೆ. ಝಿವಾದಿನ್ ಹಾರ್ನ್ ಮೇಲೆ ಕೈಯಿಟ್ಟವನು ತೆಗೆಯಲಿಲ್ಲ. ಈಗ ನಿಂತರೆ ಮತ್ತೆ ಹೊರಡುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಹೆಗಲಿಗೆ ಸರಪಳಿ ಹಾಕಿಕೊಂಡು ನಗುತ್ತ ಬರುತ್ತಿದ್ದ ಮಿಲೋವನ್ ನಗು ಬಿಟ್ಟು ಟ್ರ್ಯಾಕ್ಟರನ್ನು ಚರಂಡಿಯ ಕಡೆಗೆ ತಿರುಗಿಸಿದ. ಕಾರು ಅವನ ಮಗ್ಗುಲು ಸವರಿಕೊಂಡು ಹೋಯಿತು.

ಕೊಸಾರಾ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದಳು. "ಸ್ಲಾವಾ ದಿನ ನೆಂಟರನ್ನ ಬಿಟ್ಟು ಬೀದಿಗೆ ಬಂದಿದೀಯಲ್ಲೋ, ಮಾನಗೆಟ್ಟವನೆ! ಮನೆಗೆ ನಡಿ!"

ಅಂಗಳದಲ್ಲಿ ಕಾರು ಬಂದು ನಿಂತಾಗ ನೆಂಟರು ಬಾಗಿ ಸರಪಳಿ ಎಲ್ಲಿ ಎಂದು ಹುಡುಕಿದರು. ಹಲ್ಲಿಲ್ಲದ ಒಬ್ಬ ಚಿಕ್ಕಪ್ಪ ಮಾತ್ರ ಬಾನೆಟ್ಟಿನ ಹೊಗೆ ಮೂಸಿ ನೋಡಿ, "ಪ್ಲಮ್. ಒಳ್ಳೇ ಮಾಲು," ಎಂದ. ಮೇಜಿಗೆ ಕೂತ ಮೇಲೆ ಅವನೇ ಕೇಳಿದ: "ನಡುವೆ ನಿಂತಿತಲ್ಲ, ಯಾಕೋ?"

"ಸಂದಿಗಾಳಿ ಹೊಡೆದಿತ್ತು ಚಿಕ್ಕಪ್ಪ," ಎಂದಳು ಕೊಸಾರಾ, ಬ್ರೆಡ್ ಮುರಿಯುತ್ತ.

ಇಡೀ ಮೇಜು ತಲೆದೂಗಿತು. ಯಾರೋ ತಮ್ಮ ಭುಜಕ್ಕೆ ಸಂದಿಗಾಳಿ ಹೊಡೆದ ಕಥೆ ತೆಗೆದರು. ಝಿವಾದಿನ್ ಬಾಯಿ ತೆರೆದ. ಮಂಜುಗಡ್ಡೆಯ ವಿಷಯ ಹೇಳಿದರೆ ಚಳಿಗಾಲದ ಕೊಳವೆ ಎಲ್ಲಿ ಎಂದು ಕೇಳುತ್ತಾರೆ. ಮೇಜಿನಲ್ಲಿ ಅರ್ಧ ಜನ ಅದೇ ಕಾರ್ಖಾನೆಯಲ್ಲಿ ದುಡಿದವರು.

"ಹೌದು. ಸಂದಿಗಾಳಿ," ಎಂದು ಬಾಯಿ ಮುಚ್ಚಿದ.

ಮಿಲೋವನ್ ಮೊಣಕಾಲಿನವರೆಗೆ ಕೆಸರಾಗಿ ನಡೆದುಕೊಂಡು ಬಂದ. ಟ್ರ್ಯಾಕ್ಟರಿನ ಚಕ್ರ ಚರಂಡಿಯಲ್ಲೇ ಉಳಿದಿತ್ತು. ಸ್ಲಾವಾ ದಿನ ಮನೆ ಯಜಮಾನ ಕೂರುವಂತಿಲ್ಲ, ನಿಂತೇ ಬಡಿಸಬೇಕು. ಅವನು ಕೈ ತೊಳೆದು ಬಂದು ಭಾವನ ತಟ್ಟೆಗೆ ಸೂಪು ಹಾಕಿದ.

"ಗುಜರಿಯವನಿಗೆ ಹೇಳಿದ್ದೆ, ಬರಬೇಡ ಅಂತೀನಿ," ಎಂದ.

"ಅನ್ನು."

"ಕೂತ್ಕೋ ಭಾವ, ಯಾಕೆ ಏಳ್ತೀಯಾ? ನಿಲ್ಲೋ ಸರದಿ ನಂದು."

ಝಿವಾದಿನ್ ಕೂತ. ಸೂಪು ಮುಗಿಯುವವರೆಗೆ ಕೂತಿದ್ದ. ಎಲೆಕೋಸಿನ ಸರ್ಮಾ ಬರುವಷ್ಟರಲ್ಲಿ ಅವನ ಕುರ್ಚಿ ಖಾಲಿಯಾಗಿತ್ತು, ಅಂಗಳದಲ್ಲಿ ಬಾನೆಟ್ ಎತ್ತಿದ ಸದ್ದು ಕೇಳಿಸಿತು. ಕೊಸಾರಾ ಅವನ ಪಾಲಿನದನ್ನೂ ತನ್ನ ತಟ್ಟೆಗೆ ಹಾಕಿಸಿಕೊಂಡಳು.